ಎರಡು ಗಿಡ್ಡ ಕುದುರೆಗಳಿಗೊಂದು ನೇಗಿಲು

ಕಳೆದ ವಾರ ಊರಿಗೆ ಹೊರಡುವ ತಯಾರಿಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನಿಂದ ಸೂಟ್‌ಕೇಸು ಎಳೆದೆ. ಅದರ ಹೊರಜೇಬಿನಲ್ಲಿ ಲಗೇಜು ತೂಗುವ ಪುಟ್ಟ ತಕ್ಕಡಿ ಸಿಕ್ಕಿತು. ವಿದೇಶದಲ್ಲಿರುವ ನಮ್ಮಂಥವರ ಮನೆಗಳಲ್ಲಿ ಇದ್ದೇ ಇರುವ ವಸ್ತು ಅದು. ಒಂದು ಹಿಡಿ, ಒಂದು ಕೊಕ್ಕೆ, ಅಂಕಿ ತೋರಿಸುವ ಸಣ್ಣ ಪರದೆ. ಸೆಲ್ ಸತ್ತುಹೋಗಿತ್ತು. ಕೊಕ್ಕೆಯ ಸಂದಿಯಲ್ಲಿ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೆ ಬರಲಿಲ್ಲ. ಅಡುಗೆಮನೆಯ ನಲ್ಲಿಗೆ ಹಿಡಿದೆ. ಮಣ್ಣು ಕರಗಿ ಇಳಿಯುವಾಗ ಒಂದು ವಾಸನೆ ಎದ್ದಿತು... ಒದ್ದೆ ನೆಲದ್ದು, ಅದರ ಹಿಂದೆಯೇ ಕುದುರೆಯ ಬೆವರಿನದ್ದು. ನಿಜವಾಗಿಯೂ ಇತ್ತೋ, ನನ್ನ ತಲೆಯಲ್ಲಿ ಮಾತ್ರ ಇತ್ತೋ, ಹೇಳಲಾರೆ.

ಆ ಮಣ್ಣು ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಕಾಕಾರ ಹೊಲದ್ದು.

ಕಾಕಾ ಎಂದು ಕರೆಯುತ್ತಿದ್ದೆ, ಆದರೆ ಅವರು ನನಗೆ ಸಂಬಂಧಿಕರೇನೂ ಅಲ್ಲ. ನಾನು ಉಡುಪಿಯ ಕಡೆಯವಳು, ಮಲೇಷ್ಯಾದ ನಿಲಾಯ್‌ನ ಒಂದು ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡುತ್ತೇನೆ. ಅವರು ನವಲಗುಂದದ ಕಡೆಯವರು. ಪಶುವೈದ್ಯ ಓದಿ, ರೇಸ್ ಕುದುರೆಗಳ ಲಾಯದಲ್ಲಿ ಕೆಲಸಕ್ಕೆಂದು ಹರೆಯದಲ್ಲೇ ಮಲೇಷ್ಯಾಕ್ಕೆ ಬಂದು ಇಲ್ಲೇ ಉಳಿದುಬಿಟ್ಟವರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು. ಮೊದಲ ಭೇಟಿಯಲ್ಲಿ ನಾನು ಅಂಕಲ್ ಎಂದಾಗ ಮುಖ ಸಿಂಡರಿಸಿದ್ದರು.

"ಅಂಕಲ್ ಗಿಂಕಲ್ ಬ್ಯಾಡ ತಂಗಿ. ಈ ದೇಶದಾಗ ಟ್ಯಾಕ್ಸಿಯಂವಾನೂ ಅಂಕಲ್, ಮೀನು ಮಾರಾಂವಾನೂ ಅಂಕಲ್. ನೀ ಕಾಕಾ ಅನ್ನು."

ಕೊರೊನಾದ ಎರಡನೆಯ ವರ್ಷ, ಲಾಕ್‌ಡೌನ್ ಸಡಿಲಾದ ತಿಂಗಳು ಅವರಿಗೊಂದು ಫೋನು ಬಂತು. ಪೋರ್ಟ್ ಡಿಕ್ಸನ್‌ನ ಕಡಲ ದಂಡೆಯಲ್ಲಿ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ಸುತ್ತಾಡಿಸುತ್ತಿದ್ದವನೊಬ್ಬನದು. ದಂಡೆ ಖಾಲಿಯಾಗಿ ಮೂರು ತಿಂಗಳಾಗಿತ್ತು, ಅವನ ಬಳಿ ಮೇವಿರಲಿಲ್ಲ. ಎರಡು ಕುದುರೆಗಳಿಗೂ ಸಾಯುವ ಸೂಜಿ ಹಾಕಿ ಮಲಗಿಸಿಬಿಡಿ ಎಂದು ಕಾಕಾರನ್ನು ಕೇಳಿದ್ದ. ಕಾಕಾ ಪೊಲೀಸ್ ಅನುಮತಿ ಪತ್ರ ಮತ್ತು ಔಷಧಿಯ ಪೆಟ್ಟಿಗೆ ಹಿಡಿದು ಹೋದರು. ಸಂಜೆ ಒಂದು ಲಾರಿ ನಮ್ಮ ಬೀದಿಯ ಕೊನೆಗೆ ಬಂದು ನಿಂತಿತು. ಅದರಿಂದ ಎರಡು ಗಿಡ್ಡ ಕುದುರೆಗಳು ಇಳಿದವು. ನನ್ನ ಭುಜದಷ್ಟೂ ಎತ್ತರವಿಲ್ಲ, ಪಕ್ಕೆಲುಬು ಎಣಿಸಬಹುದಾಗಿತ್ತು. ಕಪ್ಪುಗಂದು ಬಣ್ಣದ್ದಕ್ಕೆ ಕೋಪಿ ಎಂದು ಹೆಸರು, ಹಾಲು ಹೆಚ್ಚಾದ ಚಹಾದ ಬಣ್ಣದ್ದಕ್ಕೆ ತೇ. ಕಾಫಿ, ಚಹಾ. ಇಲ್ಲಿಯ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಆರ್ಡರ್ ಕೊಟ್ಟ ಹಾಗೆ.

"ಒಂದಕ್ಕ ಸೂಜಿ ತುಂಬಿದ್ನಿ," ಎಂದರು ಕಾಕಾ. "ಅದು ನನ್ನ ಅಂಗಿ ಕಿಸೆ ಮೂಸಾಕ ಹತ್ತಿತು. ಬೆಲ್ಲ ಐತೇನೋ ಅಂತ."

ಅವರ ಮನೆಯ ಹಿಂದೆ ಮಳೆನೀರಿನ ದೊಡ್ಡ ಚರಂಡಿ, ಅದರಾಚೆ ಒಂದು ಎಕರೆಗೆ ಸ್ವಲ್ಪ ಕಡಿಮೆ ಖಾಲಿ ಜಾಗ, ಅದರಾಚೆ ತಾಳೆ ತೋಟ. ಜಾಗವನ್ನು ಅವರು ತರಕಾರಿಗೆಂದು ಗುತ್ತಿಗೆಗೆ ಹಿಡಿದಿದ್ದರು. ಕುದುರೆಗಳು ಅಲ್ಲಿದ್ದ ಹುಲ್ಲನ್ನು ಒಂದೇ ತಿಂಗಳಲ್ಲಿ ಬುಡದವರೆಗೆ ಮುಗಿಸಿದವು. ಒಣಹುಲ್ಲು ಹೊರದೇಶದಿಂದ ಬರಬೇಕು, ಅದೋ ಕ್ಲಾಂಗ್ ಬಂದರಿನಲ್ಲಿ ಯಾವುದೋ ಕಂಟೇನರಿನೊಳಗೆ ವಾರಗಟ್ಟಲೆ ಕೂತಿರುತ್ತಿತ್ತು. ನೆಲ ಉತ್ತು ನೇಪಿಯರ್ ಹುಲ್ಲು ನೆಟ್ಟರೆ ಮಾತ್ರ ಈ ಎರಡು ಜೀವ ಉಳಿಯುತ್ತವೆ ಎಂದು ಕಾಕಾ ಲೆಕ್ಕ ಹಾಕಿದರು. ಚರಂಡಿಗೆ ಅಡ್ಡ ಹಾಕಿದ್ದ ಕಾಂಕ್ರೀಟು ಹಲಗೆಯ ಮೇಲೆ ಟ್ರ್ಯಾಕ್ಟರು ದಾಟುವಂತಿರಲಿಲ್ಲ. ಕೈಯಲ್ಲಿ ನೂಕುವ ಯಂತ್ರ ಬಾಡಿಗೆಗೆ ತರೋಣ ಎಂದು ನಾನು ಹೇಳಿದೆ.

"ಯಂತ್ರ ಬಂದ್ರ ಇವು ಏನ್ ಮಾಡಬೇಕು? ನಿಂತ ಕುದುರಿ ಕೆಡತೈತಿ ತಂಗಿ. ಕಾಲು ಕೆಡತಾವ, ಕರಳು ಕೆಡತೈತಿ. ತಮ್ಮ ಹುಲ್ಲಿಗೆ ತಾವ ಊಳಲಿ."

ಹಾಗೆ ನೇಗಿಲು ಹುಡುಕುವ ಕೆಲಸ ಶುರುವಾಯಿತು.

ಮೊದಲನೆಯದನ್ನು ಕೊಟ್ಟವರು ನಮ್ಮ ಪಕ್ಕದ ಮನೆಯ ಪಾಕ್‌ಚಿಕ್. ಮಲಯದಲ್ಲಿ ಪಾಕ್‌ಚಿಕ್ ಎಂದರೂ ಕಾಕಾ ಎಂದೇ ಅರ್ಥ. ಅವರ ಊರು ಕ್ವಾಲಾ ಪಿಲಾ, ಅಲ್ಲಿನ ಹಳೆಯ ಕೊಟ್ಟಿಗೆಯಲ್ಲಿ ಅವರ ತಂದೆ ಕೋಣ ಕಟ್ಟಿ ಗದ್ದೆ ಉಳುತ್ತಿದ್ದ ಮರದ ನೇಗಿಲು ಇತ್ತು. ಕುದುರೆಗಳನ್ನು ನೋಡಿ ಅವರು, "ಇದು ಕುದಾ ಪಾದಿ, ಭತ್ತದ ಕುದುರೆ," ಎಂದು ಜಾತಿ ಗುರುತಿಸಿದರು. ಕಾಕಾ ನಗಲಿಲ್ಲ. "ಹೆಸರಿನ್ಯಾಗಷ್ಟ ಭತ್ತ, ಇವು ಗದ್ದಿಗೆ ಇಳಿದವಲ್ಲ," ಎಂದು ನನಗೆ ಕನ್ನಡದಲ್ಲಿ ಹೇಳಿದರು. ಆ ನೇಗಿಲಿನ ಉದ್ದನೆಯ ಈಸು ನೇರ ನೊಗದವರೆಗೆ ಚಾಚಿಕೊಂಡಿತ್ತು. ನೊಗ ಕೂರಲು ಎತ್ತಿಗೆ ಹಿಣಿಲು ಇದೆ, ಕೋಣಕ್ಕೆ ದಪ್ಪ ಹೆಗಲಿದೆ. ಕುದುರೆ ಎಳೆಯುವುದು ಎದೆಯಿಂದ. ಕುತ್ತಿಗೆಗೆ ಮರ ಹೇರಿದರೆ ಅದರ ಉಸಿರೇ ಕಟ್ಟುತ್ತದೆ. ಕಾಕಾ ಎದೆಗೆ ಪಟ್ಟಿ ಹೊಲಿದು, ಹಗ್ಗ ಹಿಂದಕ್ಕೆ ತಂದು, ಈಸನ್ನು ಗಿಡ್ಡ ಮಾಡಿ ನೋಡಿದರು. ಕೆಸರು ಗದ್ದೆಗೆ ಮಾಡಿದ ನೇಗಿಲು ನಮ್ಮ ಗಟ್ಟಿ ಕೆಂಪು ನೆಲದ ಮೇಲೆ ಗೀರು ಎಳೆಯಿತೇ ಹೊರತು ಒಳಗಿಳಿಯಲಿಲ್ಲ.

ಎರಡನೆಯದು ಹೆದ್ದಾರಿ ಪಕ್ಕದ ಒಂದು ಕೆಫೆಯ ಬಾಗಿಲಲ್ಲಿ ಅಲಂಕಾರಕ್ಕೆಂದು ನಿಲ್ಲಿಸಿದ್ದ ಇಂಗ್ಲಿಷರ ಕಾಲದ ಕಬ್ಬಿಣದ ನೇಗಿಲು. ಕೆಫೆ ಮುಚ್ಚಿಹೋಗಿತ್ತು. ಒಡತಿ ಚೀನೀ ಹೆಂಗಸು, ಒಳಗಿನ ಕುರ್ಚಿಗಳನ್ನು ವ್ಯಾನಿಗೆ ತುಂಬಿಸುತ್ತಿದ್ದಳು. "ಟೇಕ್ ಲಾ ಅಂಕಲ್, ಶಾಪ್ ಆಲ್ರೆಡಿ ಕ್ಲೋಸ್," ಎಂದು ತಿರುಗಿಯೂ ನೋಡದೆ ಹೇಳಿದಳು. ಮಣ್ಣು ಸೀಳುವ ಅದರ ಕುಳ ಒಂದಡಿ ಅಗಲ. ಆಳೆತ್ತರದ ಭಾರೀ ಕುದುರೆಗಳಿಗೆ ಮಾಡಿದ್ದು. ಕಾಕಾರಿಗೆ ಗೊತ್ತಿತ್ತು, ಆದರೂ ಆಸೆ. ಕುಳ ಒಳ್ಳೆಯ ಉಕ್ಕಿನದು, ಮಣ್ಣು ಅಂಟದೆ ಜಾರುತ್ತದೆ ಎಂದರು. ಕೋಪಿ ಮತ್ತು ತೇ ಹತ್ತು ಹೆಜ್ಜೆ ಎಳೆದವು. ಹನ್ನೊಂದನೆಯದಕ್ಕೆ ತೇ ಮುಂಗಾಲು ಮಡಚಿ ನೆಲಕ್ಕೆ ಮಂಡಿ ಊರಿತು. ಕಾಕಾ ಓಡಿಬಂದು ಹಗ್ಗ ಕಳಚಿ, ಅದರ ಪಕ್ಕ ಮಣ್ಣಿನಲ್ಲೇ ಕೂತರು. ಅದರ ಕಿವಿಯ ಬುಡ ತಿಕ್ಕತೊಡಗಿದರು. ನನ್ನತ್ತ ನೋಡದೆ ಕೇಳಿದರು, "ಉಸಿರು ಎಣಿಸಾಕ ಬರತೈತೇನು ನಿನಗ?"

ಅದು ನನ್ನ ವಿದ್ಯೆ. ಪಕ್ಕೆ ಏರಿಳಿಯುವುದನ್ನು ನೋಡುತ್ತ ಗಡಿಯಾರ ಹಿಡಿದು ಎಣಿಸಿದೆ. ಮಾಮೂಲಿನ ಐದು ಪಟ್ಟು ಇತ್ತು. ಇಳಿದು ಸಹಜಕ್ಕೆ ಬರಲು ಅರ್ಧ ಗಂಟೆ ಹಿಡಿಯಿತು. ಅಂದಿನಿಂದ ಉಸಿರು ಎಣಿಸುವುದು ನನ್ನ ಕೆಲಸವಾಯಿತು.

ಅದೇ ವರ್ಷ ಮೇ ತಿಂಗಳಿನಲ್ಲಿ ನನ್ನ ಅಣ್ಣ ಉಡುಪಿಯಲ್ಲಿ ಕೊರೊನಾದಿಂದ ತೀರಿಕೊಂಡ. ಐವತ್ತೆರಡು ವಯಸ್ಸು. ಆಸ್ಪತ್ರೆಗೆ ಸೇರಿ ಆರು ದಿನ. ಹೋಗಲು ವಿಮಾನವಿರಲಿಲ್ಲ, ಇದ್ದಿದ್ದರೂ ವಾಪಸು ಬಿಡುತ್ತಿರಲಿಲ್ಲ. ಸುದ್ದಿ ಬಂದಾಗ ನಾನು ಆನ್‌ಲೈನ್ ತರಗತಿಯಲ್ಲಿ ಹೃದಯದ ಕವಾಟಗಳ ಬಗ್ಗೆ ಹೇಳುತ್ತಿದ್ದೆ. ಮೊಬೈಲಿನಲ್ಲಿ ಅತ್ತಿಗೆಯ ತಮ್ಮನ ಸಂದೇಶ ಬಂತು, ಕೆಳಗೊಂದು ಫೋಟೋ. ಮೊಬೈಲನ್ನು ಬೋರಲು ಹಾಕಿ ಉಳಿದ ಇಪ್ಪತ್ತು ನಿಮಿಷದ ಪಾಠ ಮುಗಿಸಿದೆ. ಒಬ್ಬ ವಿದ್ಯಾರ್ಥಿನಿ ಪ್ರಶ್ನೆ ಕೇಳಿದಳು, ಉತ್ತರಿಸಿದೆ. ಆಮೇಲೆ ಅನ್ನಕ್ಕೆ ಇಟ್ಟೆ. ನನ್ನ ಗಂಡ ಲ್ಯಾಪ್‌ಟಾಪ್ ಬಿಟ್ಟು ಬಂದು ಪಕ್ಕದಲ್ಲಿ ನಿಂತರು. ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಆರ್ ಯು ಓಕೆ?" ಎಂದು ಕೇಳಿದಳು. ಓಕೆ ಎಂದೆ. ಸುಳ್ಳು ಹೇಳಿದ ಹಾಗೂ ಅನ್ನಿಸಲಿಲ್ಲ. ಒಳಗೆ ಏನೂ ಇರಲಿಲ್ಲ...

ಅತ್ತಿಗೆಗೆ ಫೋನು ಮಾಡಿದೆ. ಅವರು ಅಳುತ್ತಿದ್ದರು. ನಾನು ಆಮ್ಲಜನಕದ ಮಟ್ಟ ಎಷ್ಟಿತ್ತು, ಯಾವ ಔಷಧಿ ಕೊಟ್ಟರು ಎಂದು ಕೇಳಿದೆ. ಅವರು ಫೋನು ಇಟ್ಟುಬಿಟ್ಟರು.

ಹತ್ತು ದಿನ ಮನೆಯಿಂದ ಹೊರಗೆ ಹೋಗಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಕಾಕಾ ಗೇಟಿನ ಆಚೆ ಮಾಸ್ಕು ಹಾಕಿಕೊಂಡು ನಿಂತಿದ್ದರು. ಸಮಾಧಾನದ ಮಾತಿಗೆ ಬಂದಿದ್ದಾರೆಂದು ನನಗೆ ಸಂಕಟವಾಯಿತು. ಆ ಮಾತುಗಳಿಗೆಲ್ಲ ನಾನು ತಲೆಯಾಡಿಸಿ ಸುಸ್ತಾಗಿದ್ದೆ.

"ಬ್ಯಾಗು ತೂಗೂ ಕಾಟಾ ಐತೇನು ತಂಗಿ ನಿಮ್ಮ ಮನ್ಯಾಗ?"

"ಎಂತಕ್ಕೆ ಕಾಕಾ?"

"ನೇಗಲಾ ತಯಾರಾಗೇತಿ. ಎಷ್ಟು ಜಗ್ಗತೈತಿ ನೋಡಬೇಕು. ನೀ ಬಾ. ಕುದುರಿ ತಲಿ ಹಿಡಿಯಾಕ ಒಬ್ಬರು ಬೇಕು, ನನಗ ಎರಡ ಕೈ."

ತಕ್ಕಡಿ ಹುಡುಕಿ ತೆಗೆದುಕೊಂಡು ಹೋದೆ. ಅವರು ಹೆದ್ದಾರಿಯ ತಮಿಳು ವೆಲ್ಡರನಿಂದ ಕೆಫೆಯ ಆ ನೇಗಿಲನ್ನೇ ಕತ್ತರಿಸಿ ಹಗುರ ಮಾಡಿಸಿದ್ದರು. ಕೈಯಲ್ಲಿ ಹಿಡಿಯುವ ಮೇಳಿ ಗಿಡ್ಡವಾಗಿತ್ತು, ಮೂತಿಗೆ ಮೂರು ತೂತಿನ ಪಟ್ಟಿ ಕೂರಿಸಿತ್ತು. ಹಗ್ಗವನ್ನು ಮೇಲಿನ ತೂತಿಗೆ ಸಿಕ್ಕಿಸಿದರೆ ಕುಳ ಆಳಕ್ಕಿಳಿಯುತ್ತದೆ, ಕೆಳಗಿನದಕ್ಕಾದರೆ ಮೇಲೇಳುತ್ತದೆ. ಗಿಡ್ಡ ಕುದುರೆಯ ಎದೆ ನೆಲಕ್ಕೆ ಹತ್ತಿರ, ಅದಕ್ಕೆ ತಕ್ಕ ತೂತು ಹುಡುಕಬೇಕು ಎಂದರು. ಕುಳ ಎರಡು ಮಾಡಿಸಿದ್ದರು, ಒಂದು ಎಂಟು ಇಂಚಿನದು, ಇನ್ನೊಂದು ಆರು. ಬೋಲ್ಟು ಬಿಚ್ಚಿ ಬದಲಿಸಬಹುದಿತ್ತು.

ಚರಂಡಿಯ ಹಲಗೆಯ ಮೇಲೆ ಕುದುರೆಗಳನ್ನು ಒಂದರ ಹಿಂದೊಂದು ದಾಟಿಸಿದೆವು. ದಾಟುವಾಗ ಅವರು ಕೇಳಿದ್ದು ಒಂದೇ.

"ಅಣ್ಣಗ ವಯಸ್ಸೆಷ್ಟು?"

"ಐವತ್ತೆರಡು."

"ಹೂಂ," ಎಂದರು. ಹಗ್ಗ ನನ್ನ ಕೈಗೆ ಕೊಟ್ಟರು.

ಕುದುರೆಗಳ ಹಿಂದೆ ಅಡ್ಡಕೋಲು, ಅಡ್ಡಕೋಲಿಗೂ ನೇಗಿಲಿಗೂ ನಡುವೆ ನನ್ನ ತಕ್ಕಡಿ. ಪ್ರಾಣಿ ದಿನವಿಡೀ ಎಳೆಯಬಹುದಾದ್ದು ತನ್ನ ತೂಕದ ಹತ್ತನೇ ಒಂದು ಪಾಲು ಎನ್ನುವುದು ಕಾಕಾರ ಲೆಕ್ಕ. ಎರಡೂ ಸೇರಿ ನಲವತ್ತು ಕಿಲೋ ದಾಟಬಾರದು. ನಾನು ಕುದುರೆಗಳ ತಲೆಹಗ್ಗ ಹಿಡಿದು ಮುಂದೆ, ಅವರು ಮೇಳಿ ಹಿಡಿದು ಹಿಂದೆ. ಎಂಟು ಇಂಚಿನ ಕುಳಕ್ಕೆ ತಕ್ಕಡಿ ನಲವತ್ತೇಳು, ನಲವತ್ತೊಂಬತ್ತು ತೋರಿಸಿ, ಬೇರು ಸಿಕ್ಕಿದಲ್ಲಿ ತನ್ನ ಶಕ್ತಿ ಮೀರಿ ಅಂಕಿಯನ್ನೇ ಅಳಿಸಿಬಿಟ್ಟಿತು. ಸಾಲು ಮಾತ್ರ ಚಂದ ಬಿತ್ತು, ಅಗಲಕ್ಕೆ, ಮಗುಚಿದ ಮಣ್ಣು ಹೊಳೆಯುತ್ತಿತ್ತು. ನಿಲ್ಲಿಸಿ ಉಸಿರು ಎಣಿಸಿದೆ. ಸಹಜಕ್ಕೆ ಬರಲು ಹದಿನಾಲ್ಕು ನಿಮಿಷ. ಆರು ಇಂಚಿನದಕ್ಕೆ ಮೂವತ್ತನಾಲ್ಕು, ಮೂವತ್ತಾರು. ಐದು ನಿಮಿಷಕ್ಕೆ ಉಸಿರು ಇಳಿಯಿತು. ಕೋಪಿ ನಿಂತಲ್ಲೇ ಮಗುಚಿದ ಮಣ್ಣಿನಿಂದ ಒಂದು ಬೇರು ಆರಿಸಿ ತಿನ್ನತೊಡಗಿತು.

ಕಾಕಾ ಎರಡೂ ಕುಳಗಳನ್ನು ಮುಂದಿಟ್ಟುಕೊಂಡು ನಿಂತರು. ದೊಡ್ಡದಾದರೆ ಮಳೆ ಬಿರುಸಾಗುವ ಮೊದಲು ಕೆಲಸ ಮುಗಿಯುತ್ತದೆ. ಚಿಕ್ಕದಾದರೆ ದಿನಗಳು ಹೆಚ್ಚು ಬೇಕು.

"ನೀ ಹೇಳು ತಂಗಿ. ನನಗ ಮಣ್ಣು ತಿಳಿತೈತಿ. ಅವುಗಳ ಎದಿ ನಿನಗ ತಿಳಿತೈತಿ."

"ಚಿಕ್ಕದೇ ಸಾಕು ಕಾಕಾ," ಎಂದೆ. ಹದಿನಾಲ್ಕು ನಿಮಿಷ, ಐದು ನಿಮಿಷ. ನನಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

ಆರು ಇಂಚಿನ ನೇಗಿಲು ಎಂದರೆ ಹೆಚ್ಚು ಸಾಲು. ಹೆಚ್ಚು ಸಾಲು ಎಂದರೆ ಹೆಚ್ಚು ನಡಿಗೆ. ನೇಗಿಲಿನ ಹಿಂದೆ ನಡೆಯುವವರ ಎದೆಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಇದು ಹೊಳೆದದ್ದು ಆಮೇಲೆ, ಬಹಳ ಆಮೇಲೆ.

ಜೂನ್ ತಿಂಗಳು ಮತ್ತೆ ಪೂರ್ತಿ ಲಾಕ್‌ಡೌನು. ದಿನವೂ ಬೆಳಕು ಹರಿದ ಮೇಲೆ ಎರಡು ಗಂಟೆ ಉತ್ತೆವು, ಬಿಸಿಲೇರಿದ ಮೇಲೆ ಬಿಟ್ಟೆವು. ಮಾತು ಕಡಿಮೆ. ಅವರು ಹಿಂದಿನಿಂದ "ಹಾಂ", "ತಿರುವು", "ತಡಿ" ಎನ್ನುತ್ತಿದ್ದರು. ನನ್ನ ಕೈಗೆ ಕುದುರೆಗಳ ಬಿಸಿ ಉಸಿರು ತಾಗುತ್ತಿತ್ತು. ಆ ಎರಡು ಗಂಟೆಗಳಲ್ಲಿ ದುಃಖ ಕಡಿಮೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ದುಃಖವೇ ಇರಲಿಲ್ಲವಲ್ಲ. ಮುಂದೆ ಇಡಬೇಕಾದ ಹೆಜ್ಜೆ ಇತ್ತು, ಇಡುತ್ತಿದ್ದೆ, ಅಷ್ಟೆ. ಒಮ್ಮೆ ವಿಶ್ರಾಂತಿಗೆ ಕೂತಾಗ ಅವರಾಗಿಯೇ ಹೇಳಿದರು. ಲಾಯದಲ್ಲಿದ್ದಾಗ ಕಾಲು ಮುರಿದ ಎಷ್ಟೋ ಕುದುರೆಗಳನ್ನು ಮಲಗಿಸಿದ್ದರಂತೆ. ಮೊದಲು ಕೈ ನಡುಗುತ್ತಿತ್ತು, ಆಮೇಲೆ ನಡುಗುವುದು ನಿಂತಿತು. ಹೆಂಡತಿ ಹೋದಾಗಲೂ ನಡುಗಲಿಲ್ಲ.

"ನನಗ ಅಂಜಿಕಿ ಬಂತು ತಂಗಿ, ನಾ ಮನಷ್ಯಾನ ಹೌದೋ ಅಲ್ಲೋ ಅಂತ. ಈ ತೇ ನನ್ನ ಕಿಸೆ ಮೂಸಿತಲ್ಲ, ಆವತ್ತ ಕೈ ನಡುಗಿತು ನೋಡು. ಎಷ್ಟ ವರ್ಷದ ಮ್ಯಾಲೆ..."

ಐದು ನಿಮಿಷ ಆಗಿತ್ತು. ಎದ್ದು ಉಸಿರು ಎಣಿಸಲು ಹೋದೆ.

ತಿಂಗಳ ಕೊನೆಗೆ ಉಳುವುದು ಮುಗಿದು ಹುಲ್ಲಿನ ತುಂಡು ನೆಟ್ಟೆವು. ಜುಲೈ ಮುಗಿಯುವ ಹೊತ್ತಿಗೆ ಅದು ಸೊಂಟದೆತ್ತರ ಬಂದಿತ್ತು. ಆಗ ಕಾಕಾ ಕೆಮ್ಮಲು ಶುರುಮಾಡಿದರು. ಧೂಳು ಎಂದರು. ಲಸಿಕೆಯ ಒಂದು ಡೋಸು ಆಗಿತ್ತು, ಎರಡನೆಯದರ ದಿನ ಗೊತ್ತಾಗಿತ್ತು. ಧೂಳೇ ಇರಬಹುದು ಎಂದುಕೊಂಡೆ. ನನ್ನ ಮನೆಯ ಡ್ರಾಯರಿನಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಯಂತ್ರವಿತ್ತು. ಎರಡು ದಿನ ಅದು ಡ್ರಾಯರಿನಲ್ಲೇ ಇತ್ತು. ಆ ಎರಡು ದಿನವೂ ಬೆಳಿಗ್ಗೆ ನಾನು ಅವರ ಹೊಲಕ್ಕೆ ಹೋಗಿದ್ದೆ, ಬೇಲಿಯ ಬಳಿ ನಿಂತು ಕೋಪಿ ಮತ್ತು ತೇಯ ಪಕ್ಕೆಗಳನ್ನು ಅಭ್ಯಾಸಬಲದಿಂದ ಎಣಿಸಿದ್ದೆ. ಪಕ್ಕದಲ್ಲೇ ಹತ್ತಡಿ ದೂರದಲ್ಲಿ ಅವರು ಕಲ್ಲಿನ ಮೇಲೆ ಕೂತಿದ್ದರು. ಅವರದನ್ನು ಎಣಿಸಲಿಲ್ಲ.

ಮೂರನೆಯ ದಿನ ಯಂತ್ರ ಸಿಕ್ಕಿಸಿದಾಗ ಎಂಬತ್ತನಾಲ್ಕು ತೋರಿಸಿತು.

ಆಂಬುಲೆನ್ಸು ಬಂತು. ಬಿಳಿ ಉಡುಪಿನ ಇಬ್ಬರು ಅವರನ್ನು ನಡೆಸಿಕೊಂಡು ಹೋದರು. ಹತ್ತುವ ಮೊದಲು ತಿರುಗಿ ಹೇಳಿದರು, "ಹುಲ್ಲು ಇನ್ನೊಂದು ವಾರ ಬಿಡು ತಂಗಿ. ಈಗ ಕೊಯ್ದರ ಬೇರು ಸೊರಗತೈತಿ." ಹೂಂ ಎಂದೆ. ಅದೇ ಕೊನೆಯ ಮಾತು.

ಒಂಬತ್ತನೆಯ ದಿನ ಆಸ್ಪತ್ರೆಯಿಂದ ಫೋನು ಬಂತು. ಫಾರ್ಮಿನಲ್ಲಿ ಹತ್ತಿರದವರು ಎಂಬಲ್ಲಿ ನನ್ನ ನಂಬರು ಕೊಟ್ಟಿದ್ದರಂತೆ. ಅತ್ತ ಕಡೆಯ ಹುಡುಗಿ ಮೆಲ್ಲಗೆ, "ಯು ಆರ್ ದ ಡಾಟರ್, ಯಾ?" ಎಂದು ಕೇಳಿದಳು. ಹೌದು ಎಂದೆ. ಅಂತ್ಯಕ್ರಿಯೆಗೆ ಒಬ್ಬರನ್ನು ದೂರದಲ್ಲಿ ನಿಲ್ಲಲು ಬಿಟ್ಟರು. ನಿಂತೆ. ಹದಿನೈದು ನಿಮಿಷ. ಮನೆಗೆ ಬಂದು ಸ್ನಾನ ಮಾಡಿ, ಹುಲ್ಲು ಕೊಯ್ಯಲು ಇನ್ನೂ ಬಿಡಬೇಕೇ ಎಂದು ನೋಡಲು ಹೋದೆ. ವಾರ ಕಳೆದಿತ್ತು. ಕೊಯ್ದೆ. ಕೋಪಿಯೂ ತೇಯೂ ಬಹಳ ಹೊತ್ತು ತಿಂದವು.

ಅಕ್ಟೋಬರಿನವರೆಗೆ ಅವನ್ನು ನಾನೇ ನೋಡಿಕೊಂಡೆ. ಆಮೇಲೆ ಜಾಗದ ಗುತ್ತಿಗೆ ಮುಗಿಯಿತು. ಪಾಕ್‌ಚಿಕ್ ತಮ್ಮ ಊರಿನಲ್ಲಿರುವ ತಂಗಿಗೆ ಹೇಳಿದರು. ಎರಡನ್ನೂ ಬೇರೆ ಮಾಡಬಾರದು ಎಂದು ಮಾತ್ರ ಕೇಳಿಕೊಂಡೆ. ಆಕೆ ಎರಡನ್ನೂ ಒಯ್ದಳು, ನೇಗಿಲನ್ನೂ. ಕಾಕಾರ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಹುಲ್ಲು ಬೆಳೆದ ಜಾಗದಲ್ಲಿ ಮನೆಗಳು ಎದ್ದಿವೆ.

ಗಡಿಗಳು ತೆರೆದ ಮೇಲೂ ನಾನು ಊರಿನ ಪ್ರಯಾಣವನ್ನು ಮೂರು ಸಲ ಮುಂದೂಡಿದೆ. ಈ ಸಲ ಟಿಕೆಟು ಆಗಿದೆ. ಹೊರಡುವ ಮೊದಲು ನಿನ್ನೆ ಗಂಡನ ಜೊತೆ ಕ್ವಾಲಾ ಪಿಲಾಕ್ಕೆ ಹೋಗಿ ಬಂದೆ. ಕುದುರೆಗಳಿಗೆ ನನ್ನ ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ. ಪಾಕ್‌ಚಿಕ್‌ರ ತಂಗಿ ಜೋಳ ಹಾಕಲು ಒಂದು ತುಂಡು ನೆಲ ಉಳುತ್ತಿದ್ದಳು. ಬೇಕಾದರೆ ಹಿಡಿ ಎಂದಳು. ಅಷ್ಟು ದಿನ ಉತ್ತರೂ ನಾನು ಮೇಳಿ ಹಿಡಿದಿರಲಿಲ್ಲ, ಯಾವಾಗಲೂ ಮುಂದೆ ನಡೆದವಳು. ಆಕೆ ತಲೆಹಗ್ಗ ಹಿಡಿದಳು, ನಾನು ಹಿಂದೆ ನಿಂತೆ. ನೇಗಿಲು ಕೈಯೊಳಗೆ ಜೀವವಿರುವ ಹಾಗೆ ಅದುರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಭುಜ ಹಿಡಿದುಕೊಳ್ಳುತ್ತದೆ. ಒಂದು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ನನಗೆ ಏದುಸಿರು. ಅಂಥ ಎಷ್ಟು ಸಾಲುಗಳು...

ಆಕೆ ನನ್ನನ್ನು ನೋಡಿ, ಸಾಲು ನೆಟ್ಟಗೆ ಬಿದ್ದಿದೆ, ಯಾರು ಕಲಿಸಿದರು ಎಂದು ಮಲಯದಲ್ಲಿ ಕೇಳಿದಳು.

"ಪಾಕ್‌ಚಿಕ್ ಸಾಯಾ," ಎಂದೆ. ನನ್ನ ಕಾಕಾ. ಆಮೇಲೆ, "ಸುದಾ ತಿಯಾದಾ."

ಈಗ ಇಲ್ಲ. ತೀರಿಕೊಂಡವರ ಬಗ್ಗೆ ಇಲ್ಲಿಯ ಜನ ಹೇಳುವುದು ಹಾಗೆಯೇ, ನಮ್ಮ ಹಾಗೆಯೇ. ಈ ಮಾತನ್ನು ನಾನು ಅದುವರೆಗೆ ಯಾವ ಭಾಷೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಕಾಕಾರ ಬಗ್ಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಅಣ್ಣನ ಬಗ್ಗೆ ಕೇಳಿದವರಿಗೆ ದಿನಾಂಕ, ಆಸ್ಪತ್ರೆ, ಆಮ್ಲಜನಕದ ಮಟ್ಟ ಹೇಳಿದ್ದೆ.

ನಾಡಿದ್ದು ಊರು ಮುಟ್ಟುತ್ತೇನೆ. ಅತ್ತಿಗೆಯ ಎದುರು ಕೂರಬೇಕು. ಅಣ್ಣ ಇಲ್ಲ ಎಂದು ಕನ್ನಡದಲ್ಲಿ ಹೇಳಬೇಕು.